ಗದ್ದುಗೆಯನ್ನು ಬೇಡದ ಮುಂದಾಳು

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಚುನಾವಣೆ ಮುಗಿದ ಮರುದಿನ ಜಯಶಾಲಿಯ ಕೊರಳಿಗೆ ಬೀಳುವ ಹೂಮಾಲೆಗಳಿಗೆ ಲೆಕ್ಕವಿರುವುದಿಲ್ಲ. ಸೋತವರ ಹೆಸರನ್ನು ವರ್ಷ ತುಂಬುವುದರೊಳಗೆ ನೆರೆಹೊರೆಯವರೂ ಮರೆತುಬಿಡುತ್ತಾರೆ. ಆದರೆ ೧೯೨೬ರಲ್ಲಿ ಕನ್ನಡ ಕರಾವಳಿಯ ಮಂಗಳೂರು ಸೀಮೆಯಲ್ಲಿ ನಡೆದ ಒಂದು ಚುನಾವಣೆಯ ಮಟ್ಟಿಗೆ ಈ ರೂಢಿ ತಲೆಕೆಳಗಾಗಿದೆ. ಅಂದು ಗೆದ್ದವರು ಯಾರೆಂದು ಇಂದು ಕೇಳಿದರೆ ಹೇಳಬಲ್ಲವರು ವಿರಳ. ಸೋತವರ ಹೆಸರು ಮಾತ್ರ ದೇಶದ ಚರಿತ್ರೆಯಲ್ಲಿ ಸೇರಿಹೋಗಿದೆ. ಆ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಅಂದು ಆಕೆಗೆ ಇಪ್ಪತ್ತಮೂರು ವರ್ಷ ವಯಸ್ಸು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಪ್ರಪ್ರಥಮ ಮಹಿಳೆ ಎಂದು ಚರಿತ್ರಕಾರರು ಅವರನ್ನು ಹೆಸರಿಸುತ್ತಾರೆ.

ಒಬ್ಬ ರಾಜಕೀಯ ನಾಯಕರ ಹಿರಿಮೆಯನ್ನು ಅಳೆಯುವಾಗ ಅವರು ಏರಿದ ಪದವಿಗಳ ಪಟ್ಟಿಯನ್ನು ಮುಂದಿಡುವುದು ನಮ್ಮ ವಾಡಿಕೆಯಾಗಿದೆ. ಎಷ್ಟು ಬಾರಿ ಶಾಸಕರಾದರು, ಯಾವ ಖಾತೆಗೆ ಮಂತ್ರಿಗಳಾದರು, ಯಾವ ಪ್ರಾಂತದ ಆಡಳಿತ ನಡೆಸಿದರು ಎಂಬುದೇ ಅವರ ಜೀವನಚರಿತ್ರೆಯಾಗಿಬಿಡುತ್ತದೆ. ಕಮಲಾದೇವಿಯವರ ಬಾಳನ್ನು ಈ ಅಳತೆಗೋಲಿನಿಂದ ಅಳೆಯಹೊರಟರೆ ಕೈಗೆ ಸಿಕ್ಕುವುದು ಅತ್ಯಲ್ಪ. ಆದರೂ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹೆಣ್ಣಿನ ಪಾಲು, ಹೆಣ್ಣುಮಕ್ಕಳ ವಿವಾಹದ ವಯಸ್ಸು, ನಿರಾಶ್ರಿತರ ಪುನರ್ವಸತಿ, ಕುಶಲಕರ್ಮಿಗಳ ಬದುಕು, ಇವುಗಳಲ್ಲಿ ಯಾವುದರ ಚರಿತ್ರೆಯನ್ನು ಬರೆಯಹೊರಟರೂ ಅವರ ಹೆಸರನ್ನು ಬಿಟ್ಟು ಮುಂದಕ್ಕೆ ಸಾಗುವಂತಿಲ್ಲ. ಈ ವೈಚಿತ್ರ್ಯಕ್ಕೆ ಕಾರಣವೇನೆಂಬುದು ವಿಚಾರಯೋಗ್ಯವಾಗಿದೆ.

ಕಮಲಾದೇವಿ ಜನಿಸಿದ್ದು ೧೯೦೩ರ ಏಪ್ರಿಲ್ ೩ರಂದು, ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರಿ ಸೇವೆಯಲ್ಲಿದ್ದ ಗಣ್ಯ ಅಧಿಕಾರಿಗಳು. ತಾಯಿ ಗಿರಿಜಾಬಾಯಿ ವಿದ್ಯಾಪಕ್ಷಪಾತಿ, ಸ್ವತಂತ್ರ ಬುದ್ಧಿಯ ಗೃಹಿಣಿ. ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರ ಪರಿಚಯ ಆ ದಂಪತಿಗಳಿಗಿತ್ತು. ದೇಶದ ಸ್ಥಿತಿಗತಿಯ ಮಾತು ಮನೆಯ ಜಗಲಿಯ ಮೇಲೆ ನಡೆಯುವಾಗ ಮಗು ತಾಯಿಯ ಮಗ್ಗುಲಲ್ಲಿ ಕುಳಿತು ಕೇಳುತ್ತ ಬೆಳೆಯಿತು.

ಮಗುವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಮರಣಶಾಸನವನ್ನು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಸಂಬಂಧದ ಮಗನ ಪಾಲಾಯಿತು. ನಿನ್ನೆಯವರೆಗೆ ಮನೆಯ ಒಡತಿಯಾಗಿದ್ದ ಗಿರಿಜಾಬಾಯಿಗೆ ದೊರಕಿದ್ದು ಮಾಸಾಶನದ ಭರವಸೆ ಮಾತ್ರ. ಆಕೆ ಆ ಮಾಸಾಶನವನ್ನು ಬೇಡವೆಂದರು. ತವರಿನಿಂದ ತಮಗೆ ಬಂದಿದ್ದ ಸ್ವತ್ತಿನಲ್ಲಿಯೇ ಹೆಣ್ಣುಮಕ್ಕಳನ್ನು ಸಾಕುವೆನೆಂದು ನಿರ್ಧರಿಸಿ ಹಾಗೆಯೇ ನಡೆದುಕೊಂಡರು. ಹೆಣ್ಣಿನ ಹಕ್ಕಿನ ಮೇಲೆ ಮುಂದೆ ನೂರಾರು ಸಭೆಗಳಲ್ಲಿ ಮಾತನಾಡಿದ ಕಮಲಾದೇವಿಗೆ ಆ ವಿಷಯದ ಮೊದಲ ಪಾಠ ದೊರೆತದ್ದು ಪುಸ್ತಕದಿಂದಲ್ಲ, ತನ್ನ ಮನೆಯ ಹೊಸ್ತಿಲಲ್ಲಿಯೇ. ಕಾನೂನಿನ ಒಂದು ಸಾಲು ಒಂದು ಸಂಸಾರವನ್ನು ಹೇಗೆ ಬೀದಿಗೆ ತರಬಲ್ಲುದು ಎಂಬುದನ್ನೂ, ಬಂದ ದಾನವನ್ನು ಬೇಡವೆನ್ನುವುದಕ್ಕೆ ಎಂತಹ ಧೈರ್ಯ ಬೇಕು ಎಂಬುದನ್ನೂ ಏಳು ವರ್ಷದ ಆ ಕಣ್ಣುಗಳು ಒಟ್ಟಿಗೇ ಕಂಡವು. ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ವಿಧವೆಗೂ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ದೊರೆತದ್ದು ೧೯೫೬ರಲ್ಲಿ. ಎಂದರೆ ಗಿರಿಜಾಬಾಯಿ ಆ ಮನೆಯನ್ನು ಕಳೆದುಕೊಂಡು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ.

ದುಃಖವು ಅಲ್ಲಿಗೇ ನಿಲ್ಲಲಿಲ್ಲ. ಕಮಲಾದೇವಿ ಆದರ್ಶವಾಗಿ ಭಾವಿಸಿದ್ದ ಅಕ್ಕ ಸಗುಣಾ ಎಳೆಯ ಹರೆಯದಲ್ಲಿ ಮದುವೆಯಾಗಿ, ಅನತಿಕಾಲದಲ್ಲಿಯೇ ಕಣ್ಮರೆಯಾದಳು. ೧೯೧೭ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಮಲಾದೇವಿಗೂ ಮದುವೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ಪತಿ ಕೃಷ್ಣರಾಯರು ತೀರಿಕೊಂಡರು. ಅಂದಿನ ದಿನಗಳಲ್ಲಿ ಮೇಲ್ಜಾತಿಯ ಬಾಲವಿಧವೆಗೆ ಕಾದಿದ್ದ ಬಾಳು ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ. ಹಿತ್ತಿಲ ಕೋಣೆ, ಮಡಿ, ಮೌನ, ಹಬ್ಬಹರಿದಿನಗಳಲ್ಲಿ ಯಾರ ಕಣ್ಣಿಗೂ ಬೀಳದಂತೆ ಸರಿದು ನಿಲ್ಲುವ ಅಭ್ಯಾಸ. ಕಮಲಾದೇವಿ ಆ ಕೋಣೆಯನ್ನು ಹೊಗಲಿಲ್ಲ. ಮದರಾಸಿಗೆ ಹೋಗಿ ಕ್ವೀನ್ ಮೇರೀಸ್ ಕಾಲೇಜನ್ನು ಸೇರಿದರು. ಅಲ್ಲಿ ಸಹಪಾಠಿಯಾಗಿದ್ದ ಸುಹಾಸಿನಿಯ ಮೂಲಕ ಆಕೆಯ ಅಣ್ಣ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಇವರು ಸರೋಜಿನಿ ನಾಯ್ಡು ಅವರ ತಮ್ಮಂದಿರು. ವಿಧವೆಯಾದ ಹೆಣ್ಣು ಮತ್ತೊಮ್ಮೆ ಮದುವೆಯಾದಳು, ಅದೂ ಬೇರೆ ಭಾಷೆಯ ಬೇರೆ ಪ್ರಾಂತದವನನ್ನು ವರಿಸಿದಳು ಎಂದು ಮೂಗು ಮುರಿದವರೇ ಹೆಚ್ಚು. ತಾಯಿ ಗಿರಿಜಾಬಾಯಿ ಮಾತ್ರ ಮಗಳ ಬೆಂಗಾವಲಿಗೆ ನಿಂತರು.

ಪತಿಯೊಡನೆ ಲಂಡನ್ನಿಗೆ ತೆರಳಿದ ಕಮಲಾದೇವಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಅಸಹಕಾರ ಚಳವಳಿಯ ವಾರ್ತೆ ಅಲ್ಲಿಗೂ ಮುಟ್ಟಿತು. ೧೯೨೩ರಲ್ಲಿ ಸ್ವದೇಶಕ್ಕೆ ಮರಳಿದವರು ಹುಬ್ಬಳ್ಳಿಯ ಡಾಕ್ಟರ್ ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಸ್ತ್ರೀ ಸ್ವಯಂಸೇವಕಿಯರನ್ನು ಸಿದ್ಧಗೊಳಿಸುವ ಕೆಲಸದಲ್ಲಿ ತೊಡಗಿದರು. ಇದರ ಜೊತೆಯಲ್ಲಿಯೇ ಪತಿಪತ್ನಿಯರು ಊರೂರಿಗೆ ಹೋಗಿ ನಾಟಕಗಳನ್ನಾಡಿದರು. ಗೌರವಸ್ಥ ಮನೆತನದ ಹೆಣ್ಣು ಬಣ್ಣ ಹಚ್ಚಿ ರಂಗವೇರುವುದನ್ನು ಸಮಾಜ ಸಹಿಸದಿದ್ದ ಕಾಲವದು. ಅವರು ಅದನ್ನು ಲೆಕ್ಕಿಸಲಿಲ್ಲ. ಮೋಹನ ಭವನಾನಿಯವರು ನಿರ್ದೇಶಿಸಿ ೧೯೩೧ರಲ್ಲಿ ತೆರೆಗೆ ಬಂದ ‘ಮೃಚ್ಛಕಟಿಕ’ವೆಂಬ ಮೂಕಚಿತ್ರದಲ್ಲಿ ಕಮಲಾದೇವಿಯವರೂ ಕನ್ನಡದ ನಾಟಕಕಾರ ಟಿ. ಪಿ. ಕೈಲಾಸಂ ಅವರೂ ಅಭಿನಯಿಸಿದರೆಂಬ ಸಂಗತಿ ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಾಗಿ ಕಾಣಬಹುದು.

ಇನ್ನು ೧೯೨೬ರ ಆ ಚುನಾವಣೆಯ ಕಥೆ. ದಕ್ಷಿಣ ಕನ್ನಡವು ಅಂದು ಮದರಾಸು ಅಧಿಪತ್ಯಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಹೆಣ್ಣಿಗೆ ಮತ ಹಾಕುವ ಹಕ್ಕು ೧೯೨೧ರಲ್ಲಿಯೇ ಲಭಿಸಿತ್ತಾದರೂ ಅಭ್ಯರ್ಥಿಯಾಗಿ ನಿಲ್ಲುವ ಹಕ್ಕು ಬಂದದ್ದು ೧೯೨೬ರಲ್ಲಿ. ಮತದಾನದ ಹಕ್ಕೂ ಎಲ್ಲರಿಗಿರಲಿಲ್ಲ. ಆಸ್ತಿ ತೆರಿಗೆಗಳ ಕಟ್ಟುಪಾಡಿಗೆ ಒಳಪಟ್ಟ ಕೆಲವರಿಗೆ ಮಾತ್ರವಿತ್ತು. ಆಸ್ತಿಯೆಲ್ಲ ಗಂಡಸರ ಹೆಸರಿನಲ್ಲಿದ್ದ ನಾಡಿನಲ್ಲಿ ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರು ಎಷ್ಟು ಕಂಡೀತು? ಇಂತಹ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೆಣ್ಣೊಬ್ಬಳು ಮತ ಯಾಚಿಸಬೇಕಾಗಿತ್ತು.

ಈ ಸಾಹಸಕ್ಕೆ ಆಕೆಯನ್ನು ಪ್ರೇರಿಸಿದವರು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್. ಭಾರತದ ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ದುಡಿದ ಈ ಮಹನೀಯೆ ಹಿಂದೆ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಆ ಊರನ್ನು ಬಲ್ಲವರು. ದೊರೆತ ಹಕ್ಕನ್ನು ಯಾರೂ ಬಳಸದೆ ಬಿಟ್ಟರೆ ಅದು ಕಾಗದದ ಮೇಲಿನ ಅಕ್ಷರವಾಗಿಯೇ ಉಳಿಯುತ್ತದೆ, ಆದ್ದರಿಂದ ಈ ಬಾರಿಯೇ ಒಬ್ಬ ಮಹಿಳೆ ನಿಲ್ಲಲೇಬೇಕು ಎಂಬುದು ಅವರ ಹಟ. ಕಮಲಾದೇವಿ ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಬೆನ್ನಿಗೆ ಪಕ್ಷದ ಬಲವಿರಲಿಲ್ಲ. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಫಲಿತಾಂಶ ಹೊರಬಿದ್ದಾಗ ಅತ್ಯಲ್ಪ ಮತಗಳ ಅಂತರದಿಂದ ಸೋತಿದ್ದರು.

ಸೋಲೇನೋ ಸೋಲೇ. ಆದರೆ ಅದರ ಪರಿಣಾಮವನ್ನು ನೋಡಬೇಕು. ಹೆಣ್ಣು ಚುನಾವಣೆಗೆ ನಿಂತರೆ ಜನ ನಗುತ್ತಾರೆಂದು ಹೇಳುತ್ತಿದ್ದವರ ಬಾಯಿ ಮುಚ್ಚಿತು. ಗಂಡಸರೇ ಹೆಚ್ಚಾಗಿದ್ದ ಮತದಾರರಲ್ಲಿ ಅಷ್ಟು ಮಂದಿ ಒಬ್ಬ ಯುವತಿಗೆ ಮತ ನೀಡಿದ್ದರೆಂಬುದು ಸರ್ಕಾರಕ್ಕೂ ಕಂಡಿತು. ಮುಂದೆ ಅದೇ ಮದರಾಸು ಶಾಸನಸಭೆಗೆ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ನಾಮಕರಣಗೊಂಡು, ಸಭೆಯ ಉಪಾಧ್ಯಕ್ಷೆಯಾಗಿಯೂ ಆಯ್ಕೆಯಾದರು. ಒಬ್ಬರು ತಟ್ಟಿದ ಬಾಗಿಲನ್ನು ಇನ್ನೊಬ್ಬರು ದಾಟಿದರು. ತಟ್ಟಿದವರಿಗೆ ಅದರ ಬಗ್ಗೆ ಅಸೂಯೆಯಿರಲಿಲ್ಲ; ಅಷ್ಟುಹೊತ್ತಿಗೆ ಅವರು ಬೇರೊಂದು ಕೆಲಸದಲ್ಲಿ ಮುಳುಗಿಹೋಗಿದ್ದರು.

ಆ ಕೆಲಸವೆಂದರೆ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆ. ೧೯೨೭ರ ಜನವರಿಯಲ್ಲಿ ಪುಣೆಯಲ್ಲಿ ಹುಟ್ಟಿಕೊಂಡ ಈ ಸಂಸ್ಥೆಗೆ ಕಮಲಾದೇವಿ ಕಾರ್ಯದರ್ಶಿಯಾಗಿ ದುಡಿದರು. ಸ್ತ್ರೀಶಿಕ್ಷಣದ ವಿಚಾರಕ್ಕಾಗಿ ಕೂಡಿದ ಸಭೆ ಬಹುಬೇಗ ಒಂದು ಸತ್ಯವನ್ನು ಕಂಡುಕೊಂಡಿತು: ಹನ್ನೆರಡು ಹದಿಮೂರು ವರ್ಷಕ್ಕೆ ಹುಡುಗಿಯನ್ನು ಧಾರೆಯೆರೆದು ಕೊಟ್ಟಮೇಲೆ ಶಾಲೆಯ ಮಾತೆಲ್ಲಿಯದು? ಆದ್ದರಿಂದ ಬಾಲ್ಯವಿವಾಹ ನಿಷೇಧಕ್ಕಾಗಿ ಹರಬಿಲಾಸ ಶಾರದಾ ಅವರು ತಂದ ಮಸೂದೆಯನ್ನು ಸಮ್ಮೇಳನ ಬಲವಾಗಿ ಬೆಂಬಲಿಸಿತು. ೧೯೨೯ರಲ್ಲಿ ಅದು ಕಾಯಿದೆಯಾಯಿತು. ಅದು ಹುಡುಗಿಗೆ ನಿಗದಿಮಾಡಿದ ಕನಿಷ್ಠ ವಯಸ್ಸು ಹದಿನಾಲ್ಕು; ಕಮಲಾದೇವಿಯವರ ಕೊರಳಿಗೆ ಮೊದಲು ತಾಳಿ ಬಿದ್ದ ವಯಸ್ಸೂ ಅದೇ. ಅಷ್ಟು ಚಿಕ್ಕ ಹೆಜ್ಜೆಯನ್ನಿಡುವುದಕ್ಕೂ ದೇಶ ಅಷ್ಟೊಂದು ವಾದವಿವಾದಗಳನ್ನು ಕೇಳಬೇಕಾಯಿತು. ಹುಡುಗಿಯ ವಯಸ್ಸು ಹದಿನೆಂಟಕ್ಕೆ ಏರಿದ್ದು ೧೯೭೮ರಲ್ಲಿ. ದೆಹಲಿಯಲ್ಲಿ ೧೯೩೨ರಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜಿನ ಸ್ಥಾಪನೆಯ ಹಿಂದೆಯೂ ಈ ಸಮ್ಮೇಳನದ ಶ್ರಮವಿತ್ತು.

೧೯೩೦ರ ಮಾರ್ಚ್ ೧೨ರಂದು ಗಾಂಧೀಜಿ ದಾಂಡಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ಅವರೊಡನೆ ಹೊರಟ ಸತ್ಯಾಗ್ರಹಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅದು ಮರೆವಿನಿಂದಾದುದಲ್ಲ, ಗಾಂಧೀಜಿಯ ನಿರ್ಧಾರವೇ ಹಾಗಿತ್ತು. ಹೆಂಗಸರನ್ನು ಮುಂದಿಟ್ಟುಕೊಂಡು ಹೋದರೆ ಅವರನ್ನು ಗುರಾಣಿಯಾಗಿ ಬಳಸಿಕೊಂಡಂತಾದೀತೆಂಬ ಅಳುಕು ಅವರಿಗಿತ್ತು; ಹೆಂಡದಂಗಡಿ ಮತ್ತು ವಿದೇಶೀ ಬಟ್ಟೆಯ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವೇ ಅವರಿಗೆ ಹೆಚ್ಚು ಒಪ್ಪುವುದೆಂಬ ಅಭಿಪ್ರಾಯವೂ ಇತ್ತು. ಮಹಾತ್ಮರ ಮಾತಿಗೆ ಎದುರಾಡುವವರು ಅಂದು ದೇಶದಲ್ಲಿ ಎಷ್ಟು ಮಂದಿ? ಕಮಲಾದೇವಿ ಯಾತ್ರೆಯ ದಾರಿಯಲ್ಲಿಯೇ ಹೋಗಿ ಅವರನ್ನು ಕಂಡು, ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಸಮಪಾಲು ಬೇಕೆಂದು ವಾದಿಸಿದರು. ಅಡುಗೆಮನೆಯಲ್ಲಿ ದಿನವೂ ಉಪ್ಪಿನ ಮರಿಗೆಗೆ ಕೈಯಿಕ್ಕುವವಳು ಹೆಣ್ಣು; ಆ ಉಪ್ಪಿನ ಮೇಲೆ ಕರ ಹಾಕಿದ ಅನ್ಯಾಯವನ್ನು ಎದುರಿಸುವಾಗ ಅವಳನ್ನು ಹೊರಗಿಡುವುದು ಯಾವ ನ್ಯಾಯ? ಗಾಂಧೀಜಿ ಕೊನೆಗೆ ಒಪ್ಪಿದರು. ತಾವು ತಪ್ಪಿದೆವೆನಿಸಿದರೆ ತಿದ್ದಿಕೊಳ್ಳುವುದು ಅವರ ದೊಡ್ಡತನ. ತಪ್ಪೆಂದು ಅವರೆದುರಿಗೇ ಹೇಳುವುದು ಈಕೆಯ ದೊಡ್ಡತನ.

ಮುಂಬಯಿಯ ಕಡಲತೀರದಲ್ಲಿ ಉಪ್ಪು ತಯಾರಿಸಿ ಕಾನೂನನ್ನು ಮುರಿಯಲು ಹೊರಟ ಏಳು ಮಂದಿಯ ಮೊದಲ ತಂಡದಲ್ಲಿ ಕಮಲಾದೇವಿಯೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ತಾವು ಬೇಯಿಸಿದ ಉಪ್ಪಿನ ಪೊಟ್ಟಣಗಳನ್ನು ಹಿಡಿದು ಕಮಲಾದೇವಿ ಹೊಕ್ಕದ್ದು ಮುಂಬಯಿಯ ಷೇರುಪೇಟೆಗೆ. ಲಕ್ಷಗಳ ವ್ಯಾಪಾರ ನಡೆಯುವ ಆ ಕಟ್ಟಡದಲ್ಲಿ ಹಿಡಿ ಉಪ್ಪು ಮಾರಾಟಕ್ಕೆ ಬಂದಿತು. ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟರನ್ನೂ ಸ್ವಾತಂತ್ರ್ಯದ ಉಪ್ಪು ಬೇಕೆ ಎಂದು ಕೇಳಿದರಂತೆ. ಸರ್ಕಾರ ಅವರನ್ನು ಸೆರೆಮನೆಗೆ ಕಳುಹಿಸಿತು. ಆದರೆ ಅಷ್ಟರಲ್ಲಿ ಕೆಲಸ ಕೈಮೀರಿತ್ತು. ಅಲ್ಲಿಯವರೆಗೆ ಬೀದಿಯ ಗದ್ದಲವನ್ನು ಕಿಟಕಿಯ ಮರೆಯಿಂದ ನೋಡುತ್ತಿದ್ದ ಸಾವಿರಾರು ಗೃಹಿಣಿಯರು ಬಿಂದಿಗೆಗಳನ್ನು ಹಿಡಿದು ಕಡಲಿನ ಕಡೆಗೆ ನಡೆದರು. ಕೈಗೆ ಬೇಡಿ ಬೀಳುವುದನ್ನು ಅವಮಾನವೆಂದು ಬಗೆಯದಾದರು.

ಸೆರೆಮನೆಯಿಂದ ಹೊರಬಂದ ಕಮಲಾದೇವಿಯವರ ವಿಚಾರ ಇನ್ನಷ್ಟು ಮುಂದೆ ಸಾಗಿತ್ತು. ಇಂಗ್ಲಿಷರು ಹೊರಟುಹೋದ ಮಾತ್ರಕ್ಕೆ ಕೂಲಿಯವನ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಅರಿತ ಯುವಕರು ಕಾಂಗ್ರೆಸ್ಸಿನೊಳಗೆ ಸಮಾಜವಾದಿ ಪಕ್ಷವನ್ನು ಕಟ್ಟಿದಾಗ ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಇವರ ಜೊತೆಯಲ್ಲಿ ಅವರೂ ನಿಂತರು. ೧೯೩೬ರಲ್ಲಿ ಆ ಪಕ್ಷದ ಅಧ್ಯಕ್ಷತೆಯನ್ನೂ ವಹಿಸಿದರು. ಈ ನಡುವೆ ಹರೀಂದ್ರನಾಥರೊಡನೆ ದಾಂಪತ್ಯ ಒಡೆಯಿತು. ಅವರು ಅದನ್ನು ಮರೆಮಾಚದೆ ನ್ಯಾಯಾಲಯದ ಮೂಲಕ ಬೇರೆಯಾದರು. ಅಂದಿನ ಸಮಾಜದಲ್ಲಿ ಹೆಣ್ಣು ಅಂತಹ ಹೆಜ್ಜೆ ಇಡುವುದೆಂದರೆ ತಾನಾಗಿ ಕೆಂಡದ ಮೇಲೆ ನಡೆದಂತೆ. ನಾಲಗೆಗಳು ಆಡಿದವು, ಅವರ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಎರಡನೆಯ ಮಹಾಯುದ್ಧ ಪ್ರಾರಂಭವಾದಾಗ ಅವರು ಹೊರದೇಶದಲ್ಲಿದ್ದರು. ಅಮೇರಿಕವನ್ನು ಸುತ್ತುತ್ತ ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣಗಳನ್ನು ಮಾಡಿದರು. ೧೯೪೧ರಲ್ಲಿ ಆ ದೇಶದ ದಕ್ಷಿಣ ಭಾಗದಲ್ಲಿ ರೈಲುಪ್ರಯಾಣ ಮಾಡುತ್ತಿದ್ದಾಗ ನಡೆದ ಪ್ರಸಂಗವೊಂದಿದೆ. ಅಲ್ಲಿ ಬಿಳಿಯರಿಗೆ ಬೇರೆ ಡಬ್ಬಿ, ಕರಿಯರಿಗೆ ಬೇರೆ ಡಬ್ಬಿ. ಟಿಕೇಟು ನೋಡಲು ಬಂದವನು ಇವರ ಮೈಬಣ್ಣವನ್ನು ಕಂಡು ಎದ್ದು ಹೋಗಬೇಕೆಂದನು. ಅವರು ಕದಲಲಿಲ್ಲ. ಹೊರಗೆ ಹೋದವನು ಮತ್ತೆ ಬಂದು, ಯಾವ ದೇಶದವರೆಂದು ವಿಚಾರಿಸಿದನು. ಪರದೇಶದ ಅತಿಥಿ, ಭಾರತದ ಮಹಿಳೆ ಎಂದು ಹೇಳಿದ್ದರೆ ಅವನು ಕ್ಷಮೆ ಬೇಡಿ ಹೊರಟುಹೋಗುತ್ತಿದ್ದನೋ ಏನೋ. ಆದರೆ ಅಂತಹ ರಿಯಾಯಿತಿ ಅವರಿಗೆ ಬೇಕಾಗಿರಲಿಲ್ಲ. ತಾನೂ ಬಣ್ಣದವಳೇ, ಇಲ್ಲಿಂದ ಏಳುವ ಉದ್ದೇಶವಿಲ್ಲ ಎಂದಷ್ಟೇ ಹೇಳಿದರು. ಅವನು ಸುಮ್ಮನೆ ಹೊರಟುಹೋದನು. ತನಗೊಬ್ಬಳಿಗೆ ದೊರಕುವ ಗೌರವವನ್ನು ಸ್ವೀಕರಿಸಿ, ಆ ನಾಡಿನ ಕಪ್ಪು ಹೆಣ್ಣುಮಕ್ಕಳಿಂದ ತಾನು ಬೇರೆಯೆಂದು ತೋರಿಸಿಕೊಳ್ಳುವುದು ಅವರಿಗೆ ಸಾಧ್ಯವಾಗಲಿಲ್ಲ. ಮಾಸಾಶನವನ್ನು ಬೇಡವೆಂದ ತಾಯಿಯ ಮಗಳು ಅವರು.

ಭಾರತಕ್ಕೆ ಮರಳಿದವರನ್ನು ೧೯೪೨ರ ಚಳವಳಿ ಮತ್ತೆ ಸೆರೆಮನೆಗೆ ಕರೆದೊಯ್ದಿತು. ಬಿಡುಗಡೆಯಾದ ಮೇಲೆ ಮಹಿಳಾ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಆ ದಿನಗಳಲ್ಲಿ ಅವರು ಎತ್ತಿಹಿಡಿದ ವಿಚಾರವೊಂದು ಇಂದಿಗೂ ಪ್ರತಿ ಮನೆಯ ಕದವನ್ನು ತಟ್ಟುವಂತಹುದು. ಬೆಳಗಿನ ಜಾವ ಒಲೆ ಹೊತ್ತಿಸುವುದರಿಂದ ಹಿಡಿದು ರಾತ್ರಿ ಪಾತ್ರೆ ತೊಳೆದಿಡುವವರೆಗೆ ಗೃಹಿಣಿ ಮಾಡುವುದು ದುಡಿಮೆಯೇ ಹೊರತು ಬೇರಲ್ಲ; ಸಂಬಳ ಬಾರದ ಮಾತ್ರಕ್ಕೆ ಅದನ್ನು ದುಡಿಮೆಯಲ್ಲವೆನ್ನುವುದು ಅನ್ಯಾಯ ಎಂಬುದೇ ಆ ವಿಚಾರ. ‘ನಮ್ಮಾಕೆ ಏನೂ ಕೆಲಸದಲ್ಲಿಲ್ಲ, ಮನೆಯಲ್ಲಿದ್ದಾಳೆ’ ಎಂದು ಹೇಳುವಾಗ ನಾಲಗೆ ಒಂದು ಕ್ಷಣ ತಡೆದರೆ ಅದು ಅವರಿಗೆ ಸಲ್ಲಿಸಿದ ಗೌರವವಾದೀತು.

೧೯೪೭ರಲ್ಲಿ ಸ್ವಾತಂತ್ರ್ಯ ಬಂದಿತು. ಸೆರೆಮನೆಯನ್ನು ಕಂಡವರಲ್ಲಿ ಹಲವರು ಮಂತ್ರಿಮಂದಿರಗಳನ್ನು ಸೇರಿದರು. ಅದು ಸಹಜವೂ ಹೌದು, ದೇಶವನ್ನು ನಡೆಸಲು ಜನ ಬೇಕಾಗಿತ್ತು. ಕಮಲಾದೇವಿ ಹೋದದ್ದು ನಿರಾಶ್ರಿತರ ಶಿಬಿರಗಳಿಗೆ. ದೇಶವಿಭಜನೆಯ ಉರಿಯಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದವರು ದೆಹಲಿಯ ಸುತ್ತ ಡೇರೆಗಳಲ್ಲಿ ಬಿದ್ದಿದ್ದರು. ಇವರಿಗೆ ಪಡಿ ಹಂಚಿ ಕೈತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ, ತಮ್ಮ ಕೈಯಿಂದಲೇ ತಮ್ಮ ಊರನ್ನು ಕಟ್ಟಿಕೊಳ್ಳುವಂತಾಗಬೇಕು ಎಂಬುದು ಅವರ ಯೋಜನೆ. ಸರ್ಕಾರದ ನೆರವನ್ನು ಬೇಡಕೂಡದೆಂಬ ಕರಾರಿನ ಮೇಲೆ ಗಾಂಧೀಜಿ ಅದನ್ನು ಹರಸಿದರು. ೧೯೪೮ರಲ್ಲಿ ಭಾರತೀಯ ಸಹಕಾರ ಸಂಘ ಹುಟ್ಟಿತು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು ೫೦,೦೦೦ ನಿರಾಶ್ರಿತರಿಗೆ ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ಹೊಸ ನಗರವೊಂದು ಎದ್ದಿತು. ತಲೆತಲಾಂತರದಿಂದ ವ್ಯಾಪಾರ ಮಾಡಿಕೊಂಡಿದ್ದವರು ಗುದ್ದಲಿ ಹಿಡಿದರು, ಇಟ್ಟಿಗೆ ಹೊತ್ತರು, ತಮ್ಮ ಮನೆಗಳನ್ನು ತಾವೇ ಕಟ್ಟಿದರು.

ಎಲ್ಲವೂ ಎಣಿಸಿದಂತೆ ನಡೆಯಿತೆಂದು ಹೇಳಲಾಗದು. ಊರು ಬೆಳೆದಂತೆ ಸರ್ಕಾರಿ ಕಡತಗಳ ಹಿಡಿತವೂ ಬಲವಾಯಿತು. ಜನರೇ ನಡೆಸುವ ಸಹಕಾರದ ನಗರವೆಂಬ ಕನಸು ಅರ್ಧಕ್ಕೇ ನಿಂತಿತು. ಆದರೆ ಡೇರೆಯಲ್ಲಿದ್ದವರಿಗೆ ಸೂರು ಬಂದಿತ್ತು, ಕೈಗೆ ಕಸಬು ಬಂದಿತ್ತು. ನಿರಾಶೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಕಮಲಾದೇವಿ ಮುಂದಿನ ಕೆಲಸಕ್ಕೆ ಕೈಹಚ್ಚಿದರು. ಆ ಶಿಬಿರಗಳಲ್ಲಿಯೇ ಅವರಿಗೆ ಅದು ಕಂಡಿತ್ತು. ಎಲ್ಲವನ್ನೂ ಕಳೆದುಕೊಂಡು ಬಂದವರ ಬಳಿ ಉಳಿದಿದ್ದ ಒಂದೇ ಒಂದು ಸಂಪತ್ತೆಂದರೆ ಬೆರಳುಗಳಲ್ಲಿದ್ದ ಕುಶಲತೆ.

೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷತೆಯನ್ನು ಅವರು ಒಪ್ಪಿಕೊಂಡರು. ಅಂದು ದೇಶದ ಕಣ್ಣೆಲ್ಲ ಅಣೆಕಟ್ಟು ಮತ್ತು ಉಕ್ಕಿನ ಕಾರ್ಖಾನೆಗಳ ಮೇಲೆ ನೆಟ್ಟಿತ್ತು. ಕುಂಬಾರ, ಬಣ್ಣಗಾರ, ಕಂಚುಗಾರ ಇವರೆಲ್ಲ ಹಳೆಯ ಕಾಲದ ಪಳೆಯುಳಿಕೆಗಳು, ತಾವಾಗಿ ಮಾಯವಾಗತಕ್ಕವರು ಎಂಬ ಭಾವನೆ ವಿದ್ಯಾವಂತರಲ್ಲಿತ್ತು. ಕಮಲಾದೇವಿ ಹಳ್ಳಿಹಳ್ಳಿಗೆ ಹೋಗಿ ಆ ಮಂದಿಯ ಗುಡಿಸಲುಗಳಲ್ಲಿ ಕುಳಿತು ಅವರ ಕೆಲಸವನ್ನು ನೋಡಿದರು. ನಶಿಸುತ್ತಿದ್ದ ಶ್ರೀಕಾಳಹಸ್ತಿಯ ಕಲಂಕಾರಿಗೆ ೧೯೫೭ರಲ್ಲಿ ಶಿಕ್ಷಣ ಕೇಂದ್ರ ತೆರೆಯಿತು. ಜಯಪುರದ ನೀಲಿ ಮಣ್ಣುಪಾತ್ರೆಗಳ ಕಲೆಗೆ ಮರುಜೀವ ಬಂದಿತು. ಬೆಂಗಳೂರು, ಮುಂಬಯಿ, ಕಲಕತ್ತೆ, ದೆಹಲಿಗಳಲ್ಲಿ ವಿನ್ಯಾಸ ಕೇಂದ್ರಗಳಾದವು. ದೆಹಲಿಯ ಗುಡಿಕೈಗಾರಿಕೆಗಳ ಮಾರಾಟ ಭಂಡಾರವನ್ನು ಅವರ ಸಹಕಾರ ಸಂಘ ವಹಿಸಿಕೊಂಡು ಹೆಸರುವಾಸಿಯಾಗಿಸಿತು. ಉತ್ತಮ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ೧೯೬೫ರಲ್ಲಿ ಆರಂಭವಾಯಿತು. ಶತಮಾನಗಳ ಕಾಲ ದೇವಾಲಯಗಳನ್ನೂ ಅರಮನೆಗಳನ್ನೂ ಸಿಂಗರಿಸಿ ತಾನು ಮಾತ್ರ ಹೆಸರಿಲ್ಲದೆ ಮಣ್ಣಾಗುತ್ತಿದ್ದ ಕೆಲಸಗಾರ, ಹೆಸರು ಹಿಡಿದು ಕರೆಸಿಕೊಂಡು ಸನ್ಮಾನ ಪಡೆಯುವಂತಾದನು.

ಹೋರಾಟದ ರಾಜಕೀಯವನ್ನು ಬಿಟ್ಟು ಬೊಂಬೆ ಮಡಕೆಗಳ ಹಿಂದೆ ಹೋದರೆಂದು ಅವರ ಗೆಳೆಯರಲ್ಲಿಯೇ ಕೆಲವರಿಗೆ ಬೇಸರವಾದುದುಂಟು. ಆ ಬೇಸರದಲ್ಲಿ ಹುರುಳಿಲ್ಲದೆ ಇಲ್ಲ. ಅಂತಹ ನಿರ್ಭೀತ ದನಿಯೊಂದು ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಕೇಳಿಬಂದಿದ್ದರೆ ಎಷ್ಟೋ ಚರ್ಚೆಗಳ ದಾರಿ ಬೇರೆಯಾಗುತ್ತಿತ್ತೋ ಏನೋ. ಆದರೆ ಅವರ ದೃಷ್ಟಿಯಲ್ಲಿ ಇದು ರಾಜಕೀಯವನ್ನು ಬಿಟ್ಟದ್ದಲ್ಲ. ಕರಕುಶಲ ವೃತ್ತಿಗಳಲ್ಲಿ ದುಡಿಯುವ ಹೆಂಗಸರೆಷ್ಟು, ಜಮೀನಿಲ್ಲದವರೆಷ್ಟು ಎಂಬುದನ್ನು ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಾನೂನು ಕೊಟ್ಟ ಹಕ್ಕು ಹೆಣ್ಣಿನ ಬಾಳಿಗೆ ಇಳಿಯಬೇಕಾದರೆ ಅವಳ ಸೆರಗಿನ ಗಂಟಿನಲ್ಲಿ ಅವಳದೇ ದುಡಿಮೆಯ ನಾಲ್ಕು ಕಾಸು ಇರಬೇಕು. ಗಿರಿಜಾಬಾಯಿಗೆ ತವರಿನ ಸ್ವತ್ತಿತ್ತು, ಆದ್ದರಿಂದ ಬೇಡವೆನ್ನುವುದು ಸಾಧ್ಯವಾಯಿತು. ಅದಿಲ್ಲದ ಲಕ್ಷಾಂತರ ಹೆಣ್ಣುಮಕ್ಕಳಿಗೆ ಬೇಡವೆನ್ನುವ ಬಲ ಎಲ್ಲಿಂದ ಬರಬೇಕು?

ರಾಜ್ಯಪಾಲರ ಪದವಿ, ರಾಯಭಾರಿಯ ಪದವಿ ಮುಂತಾದವು ಮನೆಬಾಗಿಲಿಗೆ ಬಂದರೂ ಅವರು ಸ್ವೀಕರಿಸಲಿಲ್ಲವೆಂಬುದು ಪ್ರಸಿದ್ಧವಾದ ಮಾತು. ಗೌರವಗಳು ಮಾತ್ರ ತಾವಾಗಿ ಅರಸಿಕೊಂಡು ಬಂದವು. ೧೯೫೫ರಲ್ಲಿ ಪದ್ಮಭೂಷಣ, ೧೯೬೬ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, ೧೯೮೭ರಲ್ಲಿ ಪದ್ಮವಿಭೂಷಣ. ೧೯೮೬ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ೧೯೮೮ರ ಅಕ್ಟೋಬರ್ ೨೯ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಒಂದು ಕಾಲಕ್ಕೆ ತಾವು ಉಪ್ಪು ಮಾರಿದ ಮುಂಬಯಿ ನಗರದಲ್ಲಿಯೇ ಅವರು ಕೊನೆಯುಸಿರೆಳೆದರು.

ಲೋಕಸಭೆಯಲ್ಲಿಯೂ ರಾಜ್ಯಗಳ ವಿಧಾನಸಭೆಗಳಲ್ಲಿಯೂ ಮೂರರಲ್ಲಿ ಒಂದು ಪಾಲು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನದ ತಿದ್ದುಪಡಿ ಅಂಗೀಕಾರವಾದದ್ದು ೨೦೨೩ರಲ್ಲಿ. ಮಂಗಳೂರಿನ ಆ ಯುವತಿ ಮತ ಕೇಳ ಹೊರಟು ತೊಂಬತ್ತೇಳು ವರ್ಷಗಳಾದ ಮೇಲೆ. ಮುಂದೆ ಆ ಪೀಠಗಳಲ್ಲಿ ಕುಳಿತುಕೊಳ್ಳುವ ಹೆಣ್ಣುಮಕ್ಕಳು ಕಮಲಾದೇವಿಯ ಸೋಲನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಆ ಕೆಲವು ಮತಗಳು ಅಂದು ಅವರಿಗೇ ಬಿದ್ದಿದ್ದರೆ ಶಾಸನಸಭೆಗೆ ಒಬ್ಬ ಸದಸ್ಯೆ ಹೆಚ್ಚಾಗುತ್ತಿದ್ದಳು, ಅದೂ ಬೇಕಾಗಿದ್ದ ಗೆಲುವೇ. ಆದರೆ ಸೋತ ಮರುದಿನ ಮನೆಯ ಕದವಿಕ್ಕಿಕೊಂಡು ಕುಳಿತಿದ್ದರೆ ದೇಶಕ್ಕಾಗುತ್ತಿದ್ದ ನಷ್ಟವನ್ನು ಯಾವ ಮತಪೆಟ್ಟಿಗೆಯೂ ತುಂಬಿಕೊಡುತ್ತಿರಲಿಲ್ಲ.

ನಮ್ಮ ಮಧ್ಯಮವರ್ಗದ ಮನೆಗಳ ಗಾಜಿನ ಬೀರುವಿನಲ್ಲಿ ಒಂದು ಚನ್ನಪಟ್ಟಣದ ಬೊಂಬೆಯೋ, ಬಿದರಿಯ ಹೂದಾನಿಯೋ ಇದ್ದೇ ಇರುತ್ತದೆ. ಮುಂದಿನ ಬಾರಿ ಅದರ ಧೂಳನ್ನು ಒರೆಸುವಾಗ ಅದನ್ನು ಮಾಡಿದ ಕೈ ಯಾವುದು, ಆ ಕೈಗೆ ದೊರೆತ ಕೂಲಿ ಎಷ್ಟು ಎಂದು ಮನೆಯ ಮಕ್ಕಳು ಕೇಳುವಂತಾದರೆ, ಕಮಲಾದೇವಿ ಬಯಸಿದ ರಾಜಕೀಯ ಆ ಮನೆಯಲ್ಲಿ ಪ್ರಾರಂಭವಾಯಿತೆಂದು ತಿಳಿಯಬಹುದು.